ಗೋಣಿಕೊಪ್ಪಲಿನ ಗ್ಯಾರೇಜಿನಲ್ಲಿ ಡ್ರ್ಯಾಗ್ ರೇಸಿನ ತಯಾರಿ

ಕೊಡಗಿನಲ್ಲಿ ಮೋಟಾರು ಕ್ರೀಡೆ ಎಂದರೆ ತೋಟದ ರಸ್ತೆಗಳ ರ್ಯಾಲಿ, ಇಲ್ಲವೇ ಗದ್ದೆ ಕೊಯ್ಲಾದ ಮೇಲಿನ ಆಟೋಕ್ರಾಸ್. ಡ್ರ್ಯಾಗ್ ರೇಸಿಗೆ, ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯ ಕೊನೆಯನ್ನು ಯಾರು ಮೊದಲು ಮುಟ್ಟುತ್ತಾರೆ ಎಂಬ ಓಟಕ್ಕೆ, ಬೇಕಾದ 402 ಮೀಟರಿನ (ಕಾಲು ಮೈಲಿಯ) ನೇರ, ಸಮತಟ್ಟಾದ ದಾರಿ ಈ ಜಿಲ್ಲೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹೀಗಿರುವಾಗ ಗೋಣಿಕೊಪ್ಪಲಿನ ಹೊರವಲಯದ ಗ್ಯಾರೇಜೊಂದು ಹವ್ಯಾಸಿ ಡ್ರ್ಯಾಗ್ ಸ್ಪರ್ಧಿಗಳಿಗಾಗಿ ಕಾರನ್ನೂ ಚಾಲಕರನ್ನೂ ಸಜ್ಜುಗೊಳಿಸುತ್ತದೆ ಎಂದು ಕೇಳಿದಾಗ ನನಗೆ ನಂಬಿಕೆಗಿಂತ ಅನುಮಾನವೇ ಹೆಚ್ಚಾಗಿತ್ತು. ಆದರೂ ನಮ್ಮ ಮನೆಯಲ್ಲಿದ್ದ, ಕಾರ್ಬ್ಯುರೇಟರ್ ಕಾಲದ ಮಾರುತಿ ಎಸ್ಟೀಮನ್ನು ಅಲ್ಲಿಗೆ ಒಪ್ಪಿಸಿದೆ. ಹೆಚ್ಚು ಅಶ್ವಶಕ್ತಿಯನ್ನು ಬಯಸಿ ಹೋಗುವವರಿಗೆ ಈ ಗ್ಯಾರೇಜು ಮೊದಮೊದಲು ನಿರಾಸೆಯನ್ನೇ ಉಂಟುಮಾಡುತ್ತದೆ. ಅದರ ಹೆಚ್ಚುಗಾರಿಕೆ ಇರುವುದೂ ಅಲ್ಲಿಯೇ.

ಅಲ್ಲಿಯ ಮೇಸ್ತ್ರಿ ಮೊದಲು ಬಾನೆಟ್ ತೆರೆಯಲಿಲ್ಲ. ಪರಿಚಯದ ತೋಟವೊಂದರ ಕಾಫಿ ಕಣಕ್ಕೆ ನಮ್ಮನ್ನು ಕರೆದೊಯ್ದರು. ಕಾಫಿ ಒಣಗಿಸುವ ಕೆಲಸ ಮುಗಿದ ಮೇಲೆ ಖಾಲಿ ಬಿದ್ದಿರುವ ಆ ಕಾಂಕ್ರೀಟ್ ಕಣ ಓಟಕ್ಕೆ ಸಾಲದಿದ್ದರೂ ಹೊರಡುವುದನ್ನು ಕಲಿಯಲು ಸಾಕು. ಡ್ರ್ಯಾಗ್ ರೇಸಿನಲ್ಲಿ ಮೊದಲ 60 ಅಡಿ, ಅಂದರೆ ಸುಮಾರು 18 ಮೀಟರಿನ ಸಮಯವನ್ನು ಬೇರೆಯಾಗಿಯೇ ಅಳೆಯುತ್ತಾರೆ. ಅಲ್ಲಿ ಕಳೆದುಕೊಂಡ ಒಂದು ಹತ್ತಾಂಶ ಸೆಕೆಂಡು ಓಟದ ಕೊನೆಯ ಹೊತ್ತಿಗೆ ಇನ್ನಷ್ಟು ಬೆಳೆದಿರುತ್ತದೆ. ಎಂಜಿನ್ನಿನ ವೇಗವನ್ನು ಎಷ್ಟಕ್ಕೆ ನಿಲ್ಲಿಸಿಕೊಳ್ಳಬೇಕು, ಕ್ಲಚ್ಚನ್ನು ಎಲ್ಲಿಯವರೆಗೆ ಜಾರಿಸಬೇಕು, ಚಕ್ರ ಸುತ್ತತೊಡಗಿದರೆ ಆಕ್ಸಿಲರೇಟರನ್ನು ಎಷ್ಟು ಮಾತ್ರ ಸಡಿಲಿಸಬೇಕು ಎಂಬುದನ್ನು ಅವರು ಪಕ್ಕದ ಸೀಟಿನಲ್ಲಿ ಕುಳಿತು, ಒಂದಿಷ್ಟೂ ದನಿಯೇರಿಸದೆ, ಬೇಸರವಾಗುವಷ್ಟು ಸಲ ಮಾಡಿಸಿದರು. "ಕಾಲು ಹದಕ್ಕೆ ಬರಲಿ ಅಣ್ಣ, ಕ್ಯಾಮ್‌ಶಾಫ್ಟಿಗೆ ಆಮೇಲೆ ದುಡ್ಡು ಹಾಕುವಿರಂತೆ" ಎಂದು ಗಿರಾಕಿಗೆ ಹೇಳುವ ಗ್ಯಾರೇಜುಗಳು ಹೆಚ್ಚಿಲ್ಲ.

ಹೊರಡುವ ಸೂಚನೆ ಕೊಡುವ ದೀಪಗಳ ಅಭ್ಯಾಸಕ್ಕೆ ಅವರೇ ಮರದ ಕಂಬಕ್ಕೆ ಬಲ್ಬು ಕಟ್ಟಿ ಒಂದು ಸಾಧನ ಮಾಡಿಕೊಂಡಿದ್ದಾರೆ. ನೋಡಲು ಒರಟಾದರೂ ಕೆಲಸಕ್ಕೆ ಕೊರತೆಯಿಲ್ಲ. ಓಟದ ಸಮಯದ ಎಣಿಕೆ ಹಸಿರು ದೀಪದಿಂದಲ್ಲ, ಕಾರಿನ ಚಕ್ರ ಆರಂಭದ ಕಿರಣವನ್ನು ದಾಟಿದಾಗ ಶುರುವಾಗುತ್ತದೆ ಎಂಬುದು ಹೊಸಬರಲ್ಲಿ ಬಹಳಷ್ಟು ಮಂದಿಗೆ ತಿಳಿದಿರುವುದಿಲ್ಲ. ಆದ್ದರಿಂದ 18.2 ಸೆಕೆಂಡಿನಲ್ಲಿ ಓಡಿದರೂ ಹಸಿರು ಕಂಡ 0.9 ಸೆಕೆಂಡಿನ ಮೇಲೆ ಹೊರಟವನು, 18.4 ಸೆಕೆಂಡು ತೆಗೆದುಕೊಂಡರೂ 0.5ಕ್ಕೇ ಹೊರಟವನಿಗೆ ಸೋಲುತ್ತಾನೆ. ಹಾಗೆಂದು ಅವಸರಪಟ್ಟು ಹಸಿರಿಗೆ ಮೊದಲೇ ಕದಲಿದರೆ ಕೆಂಪು ದೀಪ ಹತ್ತಿ ಆ ಓಟವೇ ಹೋಗುತ್ತದೆ. ಆರಂಭದ ಗೆರೆಯ ಬಳಿ ಅಡ್ಡಲಾಗಿ ಹಾಯುವ ಎರಡು ಬೆಳಕಿನ ಕಿರಣಗಳಲ್ಲಿ ಎರಡನೆಯದನ್ನು ಮುಂದಿನ ಚಕ್ರ ತುದಿಯಲ್ಲಷ್ಟೇ ಮುಟ್ಟುವಂತೆ ಕಾರು ನಿಲ್ಲಿಸಿದರೆ ಎಣಿಕೆ ಶುರುವಾಗುವ ಮೊದಲು ಅಂಗುಲಗಳಷ್ಟು ಉಚಿತ ಓಟ ಸಿಗುತ್ತದೆ ಎಂಬ ಸೂಕ್ಷ್ಮವನ್ನೂ ಅಲ್ಲಿಯೇ ಕಲಿತೆ.

ಕಾರಿನ ಕೆಲಸದಲ್ಲಿಯೂ ಇದೇ ವಿವೇಕ ಕಾಣುತ್ತದೆ. ಕಾರು ಮುನ್ನುಗ್ಗುವಾಗ ಭಾರವೆಲ್ಲ ಹಿಂದಕ್ಕೆ ಸರಿಯುವುದರಿಂದ, ಮುಂದಿನ ಚಕ್ರಗಳಿಂದ ಎಳೆಯುವ ಎಸ್ಟೀಮಿನಂಥ ಕಾರಿನಲ್ಲಿ ಹಿಡಿತ ಬೇಕಾದ ಚಕ್ರಗಳೇ ಆ ಹೊತ್ತಿಗೆ ಹಗುರಾಗುತ್ತವೆ. ಅದಕ್ಕಾಗಿ ಹಿಂದಿನ ಸ್ಪ್ರಿಂಗುಗಳನ್ನು ಗಟ್ಟಿ ಮಾಡಿದರು, ಮುಂದಿನ ಟೈರುಗಳ ಗಾಳಿಯನ್ನು ಸ್ವಲ್ಪ ಇಳಿಸಿದರು, ಎಂಜಿನ್ನನ್ನು ಹಿಡಿದಿಡುವ, ಸವೆದ ಮೌಂಟುಗಳನ್ನು ಬದಲಿಸಿದರು. ಹೊರಡುವಾಗ ಚಕ್ರಗಳು ಕುಪ್ಪಳಿಸಿ ಡ್ರೈವ್ ಶಾಫ್ಟ್ ಮುರಿಯುವುದಕ್ಕೆ ಈ ಮೌಂಟುಗಳೂ ಒಂದು ಮುಖ್ಯ ಕಾರಣ. ಸ್ಟೆಪ್ನಿ, ಜಾಕು, ಹಿಂದಿನ ಸೀಟು ಎಲ್ಲವೂ ಹೊರಬಂದವು. ಚಾಲಕನೂ ಸೇರಿ 950 ಕಿಲೋ ತೂಗುವ ಇಂಥ ಕಾರಿನಿಂದ 50 ಕಿಲೋ ಇಳಿಸಿದರೆ ಕಾಲು ಮೈಲಿಯಲ್ಲಿ ಸುಮಾರು ಮೂರು ಹತ್ತಾಂಶ ಸೆಕೆಂಡು ಉಳಿಯುತ್ತದೆ, ಅದೂ ಖರ್ಚಿಲ್ಲದೆ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಕಾರ್ಬ್ಯುರೇಟರಿನ ವಿಷಯದಲ್ಲಿ ಅವರು ತೋರಿದ ಎಚ್ಚರ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಗೋಣಿಕೊಪ್ಪಲಿನ ತೆಳು ಗಾಳಿಗೆ ಹೊಂದಿಸಿದ ಜೆಟ್ಟುಗಳನ್ನೇ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತಿನ ಬಿಡಿಭಾಗಗಳು) ಇಟ್ಟುಕೊಂಡು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಇಳಿದರೆ, ಅಲ್ಲಿಯ ದಟ್ಟ ಗಾಳಿಗೆ ಪೆಟ್ರೋಲು ಸಾಲದೆ ಮಿಶ್ರಣ ತೆಳುವಾಗಿ, ಎಂಜಿನ್ ಬಡಿದುಕೊಂಡು ಪಿಸ್ಟನ್ ಸುಡುವ ಅಪಾಯವಿದೆ. ದೊಡ್ಡ ಅಳತೆಯ ಜೆಟ್ಟುಗಳನ್ನು ಚೀಟಿ ಅಂಟಿಸಿದ ಪೊಟ್ಟಣಗಳಲ್ಲಿ ಕಟ್ಟಿಕೊಟ್ಟು, ಓಟದ ನಂತರ ಪ್ಲಗ್ ಬಿಚ್ಚಿ ನೋಡಿ ಬಿಳಿಚಿಕೊಂಡಿದ್ದರೆ ಮುಂದಿನ ಅಳತೆಗೆ ಹೋಗಬೇಕು, ಕಂದು ಬಣ್ಣಕ್ಕಿದ್ದರೆ ಮುಟ್ಟಬಾರದು, ಮಸಿ ಹಿಡಿದಿದ್ದರೆ ಹಿಂದಕ್ಕೆ ಬರಬೇಕು ಎಂದು ಬರೆದೂ ಕೊಟ್ಟರು. ಗಾಳಿಯ ಒತ್ತಡವನ್ನು ಸೆನ್ಸರಿನಿಂದ ತಾನೇ ಅಳೆದುಕೊಳ್ಳುವ ಇಂಜೆಕ್ಷನ್ ಕಾರುಗಳಿಗೆ ಈ ತಲೆನೋವಿಲ್ಲ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಈ ಗ್ಯಾರೇಜಿಗೆ ಪೂರ್ಣ ಅಂಕ ಕೊಡಲಾರೆ. ರೇಸಿಂಗ್ ಬೆಲ್ಟಿನ ಹೆಗಲ ಪಟ್ಟಿಗಳನ್ನು ಸೀಟಿನ ಹಿಂದಿನ ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ಹಾಗೆ ಕಡಿದಾಗಿ ಕೆಳಗಿಳಿಯುವ ಪಟ್ಟಿಗಳು ಅಪಘಾತದಲ್ಲಿ ಹೆಗಲನ್ನು ಕೆಳಕ್ಕೆ ಎಳೆದು ಬೆನ್ನುಮೂಳೆಯನ್ನು ಅದುಮುತ್ತವೆ. ಅವು ಹೆಗಲಿನ ಮಟ್ಟದ ಅಡ್ಡ ಕೊಳವೆಗೆ ಹೆಚ್ಚುಕಡಿಮೆ ನೇರವಾಗಿ ಹೋಗಬೇಕು. ತೋರಿಸಿದಾಗ ಮರುಮಾತಿಲ್ಲದೆ, ಹಣವನ್ನೂ ಕೇಳದೆ ಸರಿಪಡಿಸಿದರು ಎಂಬುದು ನಿಜ, ಆದರೆ ಇದು ಗಿರಾಕಿ ತೋರಿಸಬೇಕಾದ ವಿಷಯವಲ್ಲ. ಬಿಲ್ಲಿನಲ್ಲಿ ಕೂಲಿ 18,000 ರೂಪಾಯಿ ಎಂದು ಒಂದೇ ಸಾಲಿತ್ತು, ಯಾವ ಕೆಲಸಕ್ಕೆ ಎಷ್ಟು ಎಂಬ ವಿವರವಿರಲಿಲ್ಲ. ಕೆಲಸದ ಗುಣಕ್ಕೆ ಈ ಮೊತ್ತ ಹೆಚ್ಚೆನಿಸದು. ಬಿಡಿಭಾಗಗಳ ಬೆಲೆ ಬೇರೆ.

ಟರ್ಬೊ ಕೂರಿಸಿಕೊಂಡು ಊರಿನ ರಸ್ತೆಯಲ್ಲಿ ಸದ್ದು ಮಾಡಬೇಕೆನ್ನುವವರನ್ನು ಅವರೇ ವಾಪಸು ಕಳುಹಿಸುತ್ತಾರೆ. ಟ್ರ್ಯಾಕಿನಲ್ಲಿ ಮೊದಲ ಬಾರಿಗೆ ಓಡಿಸಲು ಹೊರಟ, ಕಂಪನಿಯಿಂದ ಬಂದ ಸ್ಥಿತಿಗೆ ಹತ್ತಿರವಿರುವ ಕಾರಿನವರಿಗೆ ಈ ಜಾಗ ಚೆನ್ನಾಗಿ ಹೊಂದುತ್ತದೆ. ಕಣದ ಅಭ್ಯಾಸ ಸಿಗುವುದು ಕಾಫಿ ಒಣಗಿದ ಮೇಲಿನಿಂದ ಮುಂಗಾರು ಹಿಡಿಯುವವರೆಗೆ ಮಾತ್ರ. ಜೂನ್ ನಂತರ ಹೋದರೆ ಎಂಜಿನ್ನಿನ ಕೆಲಸವನ್ನಷ್ಟೇ ಮಾಡಿಕೊಡುತ್ತಾರೆ, ಆದ್ದರಿಂದ ಏಪ್ರಿಲ್ ಹೊತ್ತಿಗೇ ಕೇಳಿ ದಿನ ಗೊತ್ತುಮಾಡಿಕೊಳ್ಳುವುದು ಒಳಿತು.