ಎಐಎಕ್ಸ್‌ನ ಎಂಕೆಸಿಸ್‌ಬಿ: ಟೇಪಿನಿಂದ ಹೊಸ ಡಿಸ್ಕುಗಳಿಗೆ

ಐಬಿಎಂನ ಎಐಎಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಜೊತೆಗೇ ಬರುವ, ಆ ವ್ಯವಸ್ಥೆಯನ್ನು ಬೂಟ್ ಮಾಡಬಲ್ಲ ಬ್ಯಾಕಪ್ ಆಗಿ ಟೇಪಿಗೆ ಬರೆಯುವ ಎಂಕೆಸಿಸ್‌ಬಿ ಆದೇಶವನ್ನು ನಾನು ವರ್ಷಗಳಿಂದ ಬಳಸುತ್ತ ಬಂದಿದ್ದೇನೆ. ಆದರೂ ಅದರ ಬೆಲೆ ತಿಳಿದದ್ದು, ಸರ್ವರ್‌ನ ಎರಡೂ ಒಳ ಡಿಸ್ಕುಗಳನ್ನು ಕಳಚಿ, ಏನೂ ಇಲ್ಲದ ಹೊಸ ಡಿಸ್ಕುಗಳನ್ನು ಕೂರಿಸಿ, ಒಂದೇ ಒಂದು ಟೇಪನ್ನು ನಂಬಿ ಯಂತ್ರವನ್ನು ಎಬ್ಬಿಸಬೇಕಾಗಿ ಬಂದ ದಿನ. ಒಂದರ ಪ್ರತಿ ಇನ್ನೊಂದರಲ್ಲಿ ಇರುವಂತೆ ಮಿರರ್ ಆಗಿದ್ದ ಜೋಡಿಯಲ್ಲಿ ಒಂದು ಡಿಸ್ಕು ಆಗಲೇ ಕೈಕೊಟ್ಟಿತ್ತು. ಇನ್ನೊಂದರ ದೋಷಗಳು ಎರರ್ ಲಾಗ್‌ನಲ್ಲಿ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದವು. ಅದು ಪೂರ್ತಿ ನಿಲ್ಲುವ ಮುನ್ನವೇ ಹೊಸದಾಗಿ ಟೇಪು ತೆಗೆದುಕೊಂಡು ಕೆಲಸಕ್ಕಿಳಿದೆ.

ಕಡತಗಳ ನಕಲನ್ನು ಟಾರ್ ಆದೇಶವೂ ಕೊಡುತ್ತದೆ. ಆದರೆ ಡಿಸ್ಕೇ ಹೋದಾಗ ಮೊದಲು ಎದುರಾಗುವ ಪ್ರಶ್ನೆ, ಆ ಕಡತಗಳನ್ನು ಇಡುವ ಮನೆ ಹೇಗಿತ್ತು ಎಂಬುದು. ಯಾವ ಲಾಜಿಕಲ್ ವಾಲ್ಯೂಮ್ (ಡಿಸ್ಕಿನ ಜಾಗದಲ್ಲಿ ವಿಂಗಡಿಸಿದ ಪಾಲು) ಎಷ್ಟು ದೊಡ್ಡದು, ಅದಕ್ಕೆ ಎಷ್ಟು ಪ್ರತಿಗಳು, ಮೆಮೊರಿ ಸಾಲದಾದಾಗ ಬಳಸುವ ಪೇಜಿಂಗ್ ಜಾಗ ಎಷ್ಟು ಎಂಬ ವಿವರಗಳನ್ನೆಲ್ಲ ಎಂಕೆಸಿಸ್‌ಬಿ ಇಮೇಜ್.ಡೇಟಾ ಎಂಬ ಸರಳ ಪಠ್ಯ ಕಡತದಲ್ಲಿ ಬರೆದಿಡುತ್ತದೆ. ಅನುಸ್ಥಾಪನೆಯ ಪ್ರಶ್ನೆಗಳಿಗೆ ಉತ್ತರಗಳು ಬಾಸ್‌ಇನ್ಸ್ಟ್.ಡೇಟಾ ಎಂಬ ಇನ್ನೊಂದು ಕಡತದಲ್ಲಿ ಇರುತ್ತವೆ. ಟೇಪಿನ ಮೇಲೆ ನಾಲ್ಕು ಭಾಗಗಳು ಒಂದರ ಹಿಂದೆ ಒಂದು ಬರುತ್ತವೆ: ಬೂಟ್ ಇಮೇಜ್, ಅನುಸ್ಥಾಪನೆಯ ಸಾಮಗ್ರಿ, ಹೆಸರಿಗಷ್ಟೇ ಇರುವ ಒಂದು ವಿಷಯಸೂಚಿ, ಕೊನೆಯಲ್ಲಿ ನಿಜವಾದ ಬ್ಯಾಕಪ್. ಮೊದಲ ಮೂರನ್ನು 512 ಬೈಟ್‌ಗಳ ಬ್ಲಾಕ್‌ಗಳಲ್ಲಿ, ನಾಲ್ಕನೆಯದನ್ನು ಡ್ರೈವಿಗೆ ಹೊಂದಿಸಿದ ಬ್ಲಾಕ್ ಗಾತ್ರದಲ್ಲಿ ಬರೆಯಲಾಗುತ್ತದೆ. ಇದನ್ನು ಅರಿಯದೆ ಟೇಪಿನಿಂದ ಒಂದೇ ಕಡತವನ್ನು ಹೊರತೆಗೆಯಲು ಹೊರಟವರು, ಟೇಪೇ ಕೆಟ್ಟಿದೆಯೆಂದು ತಪ್ಪು ತಿಳಿಯುವ ಸಂಭವವಿದೆ.

ಟೇಪಿನಿಂದ ಬೂಟ್ ಮಾಡಿದಾಗ ಬರುವ ಮೆನುವಿನಲ್ಲಿ ಮೊದಲ ಆಯ್ಕೆಯನ್ನು ಆತುರದಲ್ಲಿ ಒತ್ತದೆ, ಸೆಟ್ಟಿಂಗ್‌ಗಳನ್ನು ತೋರಿಸುವ ಎರಡನೆಯ ಆಯ್ಕೆಗೆ ಹೋಗಬೇಕೆಂದು ನಾನು ಒತ್ತಿ ಹೇಳುತ್ತೇನೆ. ಯಾವ ಡಿಸ್ಕಿನ ಮೇಲೆ ಬರೆಯಬೇಕೆಂಬುದು ಅಲ್ಲಿ ತೀರ್ಮಾನವಾಗುತ್ತದೆ. ಆ ಪಟ್ಟಿಯಲ್ಲಿ ಡಿಸ್ಕಿನ ಹೆಸರಿನ ಜೊತೆಗೆ ಸ್ಥಾನಸಂಕೇತ, ಮೆಗಾಬೈಟ್‌ಗಳಲ್ಲಿ ಗಾತ್ರ, ಅದು ಯಾವುದಾದರೂ ವಾಲ್ಯೂಮ್ ಗ್ರೂಪಿಗೆ (ಒಟ್ಟಾಗಿ ನಿರ್ವಹಿಸುವ ಡಿಸ್ಕುಗಳ ಗುಂಪಿಗೆ) ಸೇರಿದೆಯೇ ಎಂಬ ಮಾಹಿತಿ ಕಾಣುತ್ತದೆ. ಬೂಟ್ ಮಾಧ್ಯಮ ಬದಲಾದಾಗ, ಡಿಸ್ಕುಗಳಿಗೆ ಎಐಎಕ್ಸ್ ಕೊಡುವ ಎಚ್‌ಡಿಸ್ಕ್ ಸಂಖ್ಯೆಗಳೂ ಅದಲುಬದಲಾಗಬಹುದಾದ್ದರಿಂದ, ಹೆಸರನ್ನು ನಂಬದೆ ಸ್ಥಾನಸಂಕೇತವನ್ನೇ ನೋಡಿ ಆರಿಸುವುದು ಕ್ಷೇಮ. ದತ್ತಾಂಶದ ಡಿಸ್ಕುಗಳ ಕೇಬಲ್‌ಗಳನ್ನು ನಾನು ಮೊದಲೇ ಬಿಡಿಸಿಟ್ಟಿದ್ದೆ. ಇದನ್ನು ಅತಿಯಾದ ಎಚ್ಚರವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ, ಏಕೆಂದರೆ ಇಲ್ಲಿ ಒಂದು ತಪ್ಪು ಆಯ್ಕೆ ಇಡೀ ದತ್ತಾಂಶವನ್ನು ಅಳಿಸಬಲ್ಲದು.

ಹೊಸ ಡಿಸ್ಕುಗಳು ಹಳೆಯವಕ್ಕಿಂತ ದೊಡ್ಡವಾಗಿದ್ದವು. ಹೀಗಿರುವಾಗ ಮ್ಯಾಪ್‌ಗಳನ್ನು ಬಳಸಬೇಕೇ ಎಂಬ ಮೆನುವಿನ ಪ್ರಶ್ನೆಗೆ ಬೇಡವೆಂದೇ ಉತ್ತರಿಸಬೇಕು, ಏಕೆಂದರೆ ಮ್ಯಾಪ್ ಎಂದರೆ ಪ್ರತಿ ತುಂಡನ್ನೂ ಹಳೆಯ ಡಿಸ್ಕಿನ ಅದೇ ಜಾಗದಲ್ಲಿ ಇಡುವ ಹಟ. ಫೈಲ್‌ಸಿಸ್ಟಮ್‌ಗಳನ್ನು ಕುಗ್ಗಿಸಬೇಕೇ ಎಂಬುದಕ್ಕೂ ಬೇಡವೆಂದೆ. ಕುಗ್ಗಿಸಿದರೆ ಬೆಳೆಯಲು ಜಾಗವೇ ಉಳಿಯದಂತಾಗುತ್ತದೆ. ಟೇಪು ತೆಗೆಯುವ ಮುಂಚೆ ಭೌತಿಕ ವಿಭಾಗದ, ಅಂದರೆ ಡಿಸ್ಕನ್ನು ಹಂಚುವ ಸಮಗಾತ್ರದ ತುಂಡಿನ, ಗಾತ್ರವನ್ನೂ ಲೆಕ್ಕ ಹಾಕಬೇಕು. ಸಾಮಾನ್ಯ ವಾಲ್ಯೂಮ್ ಗ್ರೂಪಿನಲ್ಲಿ ಒಂದು ಡಿಸ್ಕಿಗೆ ಮೂಲ ಮಿತಿ 1016 ವಿಭಾಗಗಳು. ವಿಭಾಗ 16 ಮೆಗಾಬೈಟ್ ಇದ್ದರೆ ಒಂದು ಡಿಸ್ಕಿನಲ್ಲಿ ಬಳಸಬಹುದಾದ ಜಾಗ 16,256 ಮೆಗಾಬೈಟ್‌ಗೆ ಮುಗಿಯುತ್ತದೆ.

ಇಷ್ಟಾದ ಮೇಲೆ ಕಡತಗಳು ತಾವಾಗಿಯೇ ಇಳಿದವು. ಯಂತ್ರ ತನ್ನ ಹಳೆಯ ಹೆಸರು, ಜಾಲ ವಿಳಾಸ, ಬಳಕೆದಾರರೊಂದಿಗೆ ಎದ್ದು ನಿಂತಾಗ ಆದ ಸಮಾಧಾನವನ್ನು ಮರೆಯಲಾರೆ.

ಆದರೆ ಇದರ ಮಿತಿಗಳನ್ನು ಮುಚ್ಚಿಡಲಾಗದು. ಎಂಕೆಸಿಸ್‌ಬಿ ಉಳಿಸುವುದು ಎಐಎಕ್ಸ್ ಇರುವ ವಾಲ್ಯೂಮ್ ಗ್ರೂಪಾದ ರೂಟ್‌ವಿಜಿಯನ್ನು ಮಾತ್ರ, ಅದರಲ್ಲೂ ಆ ಹೊತ್ತಿಗೆ ಮೌಂಟ್ ಆಗಿರುವ (ಬಳಕೆಗೆ ಜೋಡಿಸಿರುವ) ಫೈಲ್‌ಸಿಸ್ಟಮ್‌ಗಳನ್ನು ಮಾತ್ರ. ಉಳಿದ ವಾಲ್ಯೂಮ್ ಗ್ರೂಪುಗಳಿಗೆ ಸೇವ್‌ವಿಜಿ ಆದೇಶ ಬೇರೆಯಾಗಿ ಬೇಕು. ಡೇಟಾಬೇಸ್‌ಗಳು ನೇರವಾಗಿ ಬಳಸುವ ರಾ ಲಾಜಿಕಲ್ ವಾಲ್ಯೂಮ್‌ಗಳ ಒಳಗಿನ ದತ್ತಾಂಶ ಈ ಟೇಪಿಗೆ ಬರುವುದೇ ಇಲ್ಲ. ಟೇಪನ್ನು ಪರೀಕ್ಷಿಸುವ ಆಯ್ಕೆಯೂ ಪ್ರತಿ ಕಡತದ ಶಿರೋಭಾಗವನ್ನಷ್ಟೇ ಓದಿ ನೋಡುತ್ತದೆ. ಆದ್ದರಿಂದ ಅದು ಯಶಸ್ವಿಯಾಯಿತೆಂದ ಮಾತ್ರಕ್ಕೆ ಟೇಪಿನಿಂದ ಯಂತ್ರ ಎದ್ದೇಳುತ್ತದೆಂಬ ಖಾತರಿಯಿಲ್ಲ. ಬೇರೆ ಮಾದರಿಯ ಯಂತ್ರಕ್ಕೆ ಇಳಿಸುವಾಗ ಅಲ್ಲಿನ ಸಾಧನಗಳ ಚಾಲಕ ತಂತ್ರಾಂಶ ಟೇಪಿನಲ್ಲಿ ಇಲ್ಲದಿದ್ದರೆ, ಅದೇ ಮಟ್ಟದ ಎಐಎಕ್ಸ್ ಅನುಸ್ಥಾಪನಾ ಮಾಧ್ಯಮವೂ ಕೈಯಲ್ಲಿರಬೇಕಾಗುತ್ತದೆ.

ನಾನು ಮೊದಲು ಒಂದೇ ಡಿಸ್ಕಿಗೆ ಇಳಿಸಿದೆ. ಇದಕ್ಕಾಗಿ ಇಮೇಜ್.ಡೇಟಾದಲ್ಲಿ ಪ್ರತಿಗಳ ಸಂಖ್ಯೆಯನ್ನು ಒಂದಕ್ಕೆ ಇಳಿಸಿ, ಭೌತಿಕ ವಿಭಾಗಗಳ ಎಣಿಕೆಯನ್ನು ಅದಕ್ಕೆ ತಕ್ಕಂತೆ ತಿದ್ದಿ, ಆ ಕಡತವನ್ನು ಮತ್ತೆ ಹೊಸದಾಗಿ ಬರೆಸದೆ ಟೇಪು ತೆಗೆದಿದ್ದೆ. ಯಂತ್ರ ಎದ್ದ ಮೇಲೆ ಎರಡನೆಯ ಡಿಸ್ಕನ್ನು ರೂಟ್‌ವಿಜಿಗೆ ಸೇರಿಸಿ, ಮಿರರ್‌ವಿಜಿ ನಡೆಸಿ, ಬಾಸ್‌ಬೂಟ್‌ನಿಂದ ಬೂಟ್ ಇಮೇಜನ್ನು ಬರೆಸಿ, ಬೂಟ್‌ಲಿಸ್ಟ್‌ನಲ್ಲಿ ಎರಡೂ ಡಿಸ್ಕುಗಳ ಹೆಸರು ಕೊಟ್ಟೆ. ಕೊನೆಯ ಎರಡು ಹೆಜ್ಜೆಗಳನ್ನು ಬಿಟ್ಟರೆ ಮಿರರ್ ಇದ್ದೂ ಎರಡನೆಯ ಡಿಸ್ಕಿನಿಂದ ಯಂತ್ರ ಬೂಟ್ ಆಗದೆ ಹೋಗಬಹುದು. ಆಮೇಲೆ ಕೇಬಲ್‌ಗಳನ್ನು ಜೋಡಿಸಿ ದತ್ತಾಂಶದ ಗ್ರೂಪುಗಳನ್ನು ಇಂಪೋರ್ಟ್‌ವಿಜಿಯಿಂದ ಒಳತಂದೆ. ಅದೇ ಸಂಜೆ ಹೊಸ ಡಿಸ್ಕುಗಳಿಂದ ಇನ್ನೊಂದು ಟೇಪು ತೆಗೆದೆ. ಅದರಿಂದ ಒಮ್ಮೆ ಬೂಟ್ ಮಾಡಿ ಮೆನುವಿನವರೆಗೆ ಹೋಗಿ ನೋಡುವ ತನಕ ಹಳೆಯ ಟೇಪಿನ ಮೇಲೆ ಏನನ್ನೂ ಬರೆಯಲಿಲ್ಲ.