ಸಿಸ್ಟರ್ ಕೈಯ ಎಚ್‌ಎಂಟಿ ಪೈಲಟ್: ವರ್ಷಗಟ್ಟಲೆ ಕಟ್ಟಿದ ಮೇಲೆ

ಮೊದಲು ಅಳತೆಯ ಮಾತು. ಎಚ್‌ಎಂಟಿ ಪೈಲಟ್ ಸುಮಾರು 35 ಮಿಲಿಮೀಟರ್ ಅಗಲದ ವಾಚು. ಈಗ ಗಂಡಸರಿಗೆಂದು ಮಾರುವ 42, 44 ಮಿಲಿಮೀಟರಿನ ತಟ್ಟೆಗಳ ಪಕ್ಕದಲ್ಲಿಟ್ಟರೆ ಇದನ್ನೇ ಲೇಡೀಸ್ ವಾಚು ಎನ್ನಬೇಕು. ನನ್ನ ತೆಳು ಮಣಿಕಟ್ಟಿನ ಮೇಲೂ ಅಂಚು ಮೀರುವುದಿಲ್ಲ. ಆದರೂ ವಾರ್ಡಿನಲ್ಲಿ ನನ್ನ ಕೈ ನೋಡಿದವರ ಪ್ರಶ್ನೆ ಒಂದೇ: “ಯಜಮಾನರ ವಾಚೇ, ಸಿಸ್ಟರ್?” ಅಲ್ಲ. ನನ್ನ ದುಡ್ಡು, ನನ್ನ ವಾಚು.

ನರ್ಸ್ ಕೆಲಸಕ್ಕೆ ಸೆಕೆಂಡಿನ ಮುಳ್ಳು ಬೇಕೇ ಬೇಕು, ಅದೂ ನಡುವಿನಿಂದ ಹೊರಟು ಅಂಚಿನ ಗೆರೆಗಳವರೆಗೆ ಚಾಚಿದ್ದು. ಒಂದು ದೊಡ್ಡ ಅಂಗಡಿಯ ಲೇಡೀಸ್ ಕೌಂಟರಿನಲ್ಲಿ ಇದನ್ನು ಹೇಳಿದಾಗ ಹೊರಬಂದವುಗಳಲ್ಲಿ ಅಂಕಿಗಳ ಜಾಗದಲ್ಲಿ ಹರಳುಗಳಿದ್ದವು, ಸೆಕೆಂಡಿನ ಮುಳ್ಳೇ ಇರಲಿಲ್ಲ, ಒಳಗೆ ಸೆಲ್ಲು. ಕೀ ಕೊಡುವ ವಾಚು ಕೇಳಿದರೆ “ಅದು ಜೆಂಟ್ಸ್ ಕಡೆ, ಮೇಡಂ” ಎಂದು ಎದುರಿನ ಸಾಲು ತೋರಿಸಿದರು. ಯಂತ್ರದ ಗೊಡವೆ ಹೆಂಗಸರಿಗೇಕೆ ಎಂದು ಯಾರೋ ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ. ಕೈಗಡಿಯಾರ ಶುರುವಾದದ್ದೇ ಹೆಣ್ಣಿನ ಒಡವೆಯಾಗಿ. ನೇಪಲ್ಸ್‌ನ ರಾಣಿ ಕ್ಯಾರೊಲಿನ್ ಮ್ಯೂರಾ 1810ರಲ್ಲೇ ಪ್ಯಾರಿಸ್ಸಿನ ಗಡಿಯಾರ ತಯಾರಕ ಬ್ರೆಗೆ ಬಳಿ ಕೈಗೆ ಕಟ್ಟುವ ಗಡಿಯಾರಕ್ಕೆ ಆರ್ಡರ್ ಕೊಟ್ಟಿದ್ದಳು. ಜೇಬಿನ ಗಡಿಯಾರವೇ ಗಂಡಸಿನ ಗತ್ತು ಎಂದುಕೊಂಡಿದ್ದವರು ಮೊದಲ ಮಹಾಯುದ್ಧದ ಕಂದಕಗಳಿಗೆ ಇಳಿದ ಮೇಲಷ್ಟೇ ಅದನ್ನು ಸಾಲುಸಾಲಾಗಿ ಮಣಿಕಟ್ಟಿಗೆ ತಂದರು!

ಪೈಲಟ್‌ನ ಕಪ್ಪು ಡಯಲ್ ಮೇಲೆ ಅಂಕಿಗಳು ದಪ್ಪಗಿವೆ, ಓದಲು ಕಣ್ಣು ಕಿರಿದಾಗಿಸಬೇಕಿಲ್ಲ. ಒಳಗಿನದು ಹದಿನೇಳು ಜ್ಯುವೆಲ್‌ಗಳ (ಸವೆತ ತಡೆಯುವ ಪುಟ್ಟ ಹರಳುಗಳ) ಯಂತ್ರ, ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಹಾಗಾಗಿ ಮುಳ್ಳು ಸೆಲ್ ವಾಚಿನಂತೆ ಸೆಕೆಂಡಿಗೊಮ್ಮೆ ಕುಪ್ಪಳಿಸದೆ ಸಣ್ಣಸಣ್ಣ ಹೆಜ್ಜೆಯಿಟ್ಟು ಸರಿಯುತ್ತದೆ. ನಾಡಿ ಕ್ರಮವಾಗಿದ್ದರೆ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತೇನೆ. ತಪ್ಪುತ್ತಿದ್ದರೆ ಪೂರ್ತಿ ನಿಮಿಷ. ಎರಡಕ್ಕೂ ಇದರಷ್ಟು ಹಿತವಾದ ವಾಚನ್ನು ನಾನು ಕಂಡಿಲ್ಲ. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುನ್ನ ಕೀ ಕೊಟ್ಟರೆ ಮರುದಿನ ಬೆಳಿಗ್ಗೆಯವರೆಗೆ ನಿಶ್ಚಿಂತೆ.

ತೊಂದರೆ ಇಲ್ಲವೆಂದಲ್ಲ. ಇದು ನೀರಿಗೆ ಒಗ್ಗುವ ವಾಚಲ್ಲ, ನಮ್ಮದೋ ಗಳಿಗೆಗೊಮ್ಮೆ ಕೈ ತೊಳೆಯುವ ಕೆಲಸ. ಪ್ರತಿ ಸಲವೂ ಬಿಚ್ಚಿ ಜೇಬಿಗೆ ಹಾಕಬೇಕು. ಚರ್ಮದ ಬೆಲ್ಟ್ ಆಸ್ಪತ್ರೆಗೆ ಹೇಳಿದ್ದಲ್ಲ, ನಾನು ಒಗೆದು ಒಣಗಿಸಬಹುದಾದ 18 ಮಿಲಿಮೀಟರಿನ ನೈಲಾನ್ ಬೆಲ್ಟ್ ಹಾಕಿಸಿದ್ದೇನೆ. ಗಂಡಸರ ಅಳತೆಯ ಬೆಲ್ಟಾದ್ದರಿಂದ ಒಂದು ತೂತು ಹೆಚ್ಚಿಗೆ ಹೊಡೆಸಬೇಕಾಯಿತು, ಅಷ್ಟೇ. ಗಾಜು ಅಕ್ರಿಲಿಕ್, ಬಾಗಿಲ ಚಿಲಕ ತಾಗಿದರೂ ಗೀರು ಬೀಳುತ್ತದೆ, ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುತ್ತದೆ.

ಮದುವೆಗೆ ರೇಷ್ಮೆ ಸೀರೆ ಉಟ್ಟಾಗ ನಾನು ಕಟ್ಟುವುದು ಟೈಟನ್ ರಾಗಾ. ಬಳೆಯಂಥ ಆ ಚಿನ್ನದ ಬಣ್ಣದ ವಾಚು ನನಗೆ ಬಹಳ ಇಷ್ಟ. ಪೈಲಟ್ ಕಟ್ಟುವವಳು ರಾಗಾ ಕಟ್ಟಿದರೆ ಮಾತು ತಪ್ಪಿದಂತೆ ಎಂದು ಗೆಳತಿಯೊಬ್ಬಳು ಛೇಡಿಸುತ್ತಾಳೆ. ಯಾರಿಗೆ ಮಾತು ಕೊಟ್ಟಿದ್ದೆ? ಒಂದು ಡ್ಯೂಟಿಗೆ, ಇನ್ನೊಂದು ಶೋಕಿಗೆ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ವಾಚು ತಯಾರಿಕೆಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಈಗ ಸಿಗುವುದು ಬಹುಪಾಲು ಹಳೆಯ ಮಾಲು. ಅದರಲ್ಲಿ ಹಳೆಯ ಡಯಲ್‌ಗಳಿಗೆ ಹೊಸ ಬಣ್ಣ ಬಳಿದವು ಹೇರಳ. ‘ಹೆಂಗಸರಿಗೆ’ ಎಂದು ಗುಲಾಬಿ ಬಣ್ಣದ ಪೈಲಟ್ ಕೂಡ ನನ್ನ ಮುಂದೆ ಬಂದಿತ್ತು. ಭೂತಗನ್ನಡಿ ಹಿಡಿದು ಡಯಲ್ ಮೇಲಿನ ಅಕ್ಷರಗಳನ್ನು ನೋಡಿ: ಅಂಚು ಹರಡಿದ್ದರೆ, ಸಾಲು ಸೊಟ್ಟಗಿದ್ದರೆ ಅದು ಮರುಬಣ್ಣದ್ದು. ಹಿಂದಿನ ಮುಚ್ಚಳ ತೆಗೆದು ಯಂತ್ರ ತೋರಿಸಲು ಹೇಳಿ. ಮಾರುವವರು ಹಿಂದೆಮುಂದೆ ನೋಡಿದರೆ ದುಡ್ಡು ಕೊಡಬೇಡಿ.