50–160 ಮಿ.ಮೀ. ಡಯಲ್ ಬೋರ್ ಗೇಜ್: ಹಿಡಿಕೆಗೆ ಫುಲ್ ಮಾರ್ಕ್ಸ್, ಡಯಲ್‌ಗೆ ಇಲ್ಲ

ಎಂಜಿನ್ ಸಿಲಿಂಡರಿನ ಬೋರ್, ಅಂದರೆ ಒಳವ್ಯಾಸ, ಅಳೆಯುವ ಗೇಜ್ ಇದು. ಪೆಟ್ಟಿಗೆಯಲ್ಲಿ ಸಿಗುವುದಿಷ್ಟು: ಹಿಡಿಕೆ, 0.01 ಮಿ.ಮೀ. ಗೆರೆಗಳ ಡಯಲ್, ಉದ್ದ ಬೇರೆ ಬೇರೆಯಾದ ತುದಿಕಡ್ಡಿಗಳು, ಒಂದಿಷ್ಟು ವಾಷರ್. ಬೋರಿನೊಳಗೆ ಚಾಚಿ ಲಾಕ್ ಮಾಡಿ, ಹೊರತೆಗೆದು ಮೈಕ್ರೋಮೀಟರಿನಲ್ಲಿ ನೋಡುವ ಟೆಲಿಸ್ಕೋಪಿಕ್ ಗೇಜಿನಲ್ಲಿ ಒಂದೇ ಬೋರನ್ನು ಮೂರು ಸಲ ಅಳೆದರೆ ಮೂರು ಲೆಕ್ಕ ಬರುತ್ತದೆ. ಇದರಲ್ಲಿ ಆ ಪೀಕಲಾಟವಿಲ್ಲ. ಸ್ಪ್ರಿಂಗ್ ಇರುವ ತಲೆ ಬೋರಿನ ನಡುವೆ ತಾನಾಗಿ ಕೂರುತ್ತದೆ.

ಕೊರತೆ ಡಯಲಿನದು. ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಗ್ರೇಡ್‌ಗಳ (ಅಳತೆವಾರು ಗುಂಪುಗಳ) ನಡುವಿನ ವ್ಯತ್ಯಾಸವೇ 0.01 ಮಿ.ಮೀ. ಅಂದರೆ ಒಂದು ಗೆರೆ ತಪ್ಪಿದರೆ ಒಂದು ಗ್ರೇಡೇ ತಪ್ಪಿತು. ಡಯಲಿನ ಕಾಂಡ (ಹಿಡಿಕೆಯೊಳಗೆ ಕೂರುವ ಕೊಳವೆ) 8 ಮಿ.ಮೀ. ದಪ್ಪ ಇದ್ದರೆ 0.001 ಅಥವಾ 0.002ರ ಡಯಲ್ ತಂದು ಕೂರಿಸಿ, ಅದೇ ಹಿಡಿಕೆ ಸಾಕು.

ಕಡ್ಡಿಯ ಮೇಲೆ ಕೆತ್ತಿದ ಅಂಕಿಯನ್ನು ನಂಬಿ ಅಳತೆ ಹೇಳಬೇಡಿ, ಅದು ಬರೀ ಅಂದಾಜು. ಬೋರಿಗಿಂತ ಅರ್ಧದಿಂದ ಒಂದು ಮಿ.ಮೀ. ಉದ್ದ ಬರುವ ಹಾಗೆ ಕಡ್ಡಿ, ವಾಷರ್ ಜೋಡಿಸಿ. ಆಮೇಲೆ ಬೋರಿಗೆ ಹೋಗುವ ಮುನ್ನ ಪಿಸ್ಟನ್ ಹಿಡಿಯಿರಿ. ಗಜನ್ ಪಿನ್ನಿಗೆ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್) ಅಡ್ಡಲಾಗಿ, ತಯಾರಕರು ಹೇಳಿದ ಎತ್ತರದಲ್ಲಿ, ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗದ ಗೋಡೆ) ಮೇಲೆ ಮೈಕ್ರೋಮೀಟರ್ ಇಟ್ಟು ಅಳೆಯಿರಿ. 79.96 ಬಂತೆನ್ನಿ. ಮೈಕ್ರೋಮೀಟರನ್ನು ಅಲ್ಲೇ ಲಾಕ್ ಮಾಡಿ, ವೈಸಿಗೆ ಹಗುರವಾಗಿ ಕಚ್ಚಿಸಿ, ಅದರೊಳಗೇ ಗೇಜನ್ನು ಸೊನ್ನೆಗೆ ತನ್ನಿ. ಇನ್ನು ಬೋರಿನಲ್ಲಿ ಡಯಲ್ ತೋರಿಸುವುದು ನೇರವಾಗಿ ಕ್ಲಿಯರೆನ್ಸ್, ಅಂದರೆ ಪಿಸ್ಟನ್ನಿಗೂ ಬೋರಿಗೂ ನಡುವಿನ ಸಡಿಲ. ಕೂಡಿ ಕಳೆಯುವ ಕೆಲಸವಿಲ್ಲ, ಮೈಕ್ರೋಮೀಟರಿನ ಸಣ್ಣ ದೋಷವೂ ಎರಡೂ ಕಡೆ ಒಂದೇ ಆಗಿ ವಜಾ ಆಗುತ್ತದೆ.

ಬೋರಿನೊಳಗೆ ಹಿಡಿಕೆಯನ್ನು ಹಿಂದೆ ಮುಂದೆ ತೂಗಿ. ಮುಳ್ಳು ಬಲಕ್ಕೆ ಹೋಗುತ್ತಾ ಹೋಗಿ ಒಂದು ಕಡೆ ನಿಂತು ಹಿಂತಿರುಗುತ್ತದೆ. ತಿರುಗುವ ಆ ಜಾಗವೇ ಅಳತೆ. ಹೊಸಬರು ಎಡವುವುದು ಇಲ್ಲೇ: ಬೋರ್ ದೊಡ್ಡದಾದಷ್ಟೂ ಮುಳ್ಳು ಸೊನ್ನೆಯಿಂದ ಎಡಕ್ಕೆ ನಿಲ್ಲುತ್ತದೆ. ತಿರುಗಾಮುರುಗಾ ಓದಿದರೆ 0.03ರ ಸಡಿಲ 0.03ರ ಬಿಗಿಯಾಗಿ ಕಾಣುತ್ತದೆ, ಒಟ್ಟು 0.06 ಎಡವಟ್ಟು. ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಕ್ರ್ಯಾಂಕಿನ ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ಒಂದು ಬೋರಿಗೆ ಆರು ಓದು. ಹಳೆಯ ಬೋರಿನ ಸವೆತ ಹೆಚ್ಚಾಗಿರುವುದು ಪಿಸ್ಟನ್ನಿನ ಮೇಲಿನ ರಿಂಗ್ ಮೇಲಕ್ಕೆ ಹೋಗಿ ಹಿಂತಿರುಗುವಲ್ಲಿ.

ಎರಕದ ಪಿಸ್ಟನ್ನಿಗೆ ಸಾಮಾನ್ಯವಾಗಿ 0.02ರಿಂದ 0.05 ಕ್ಲಿಯರೆನ್ಸ್ ಬಿಡುತ್ತಾರೆ, ಫೋರ್ಜ್ಡ್ (ಒತ್ತಿ ಬಡಿದು ಮಾಡಿದ್ದು) ಆದರೆ ಹೆಚ್ಚು. ಕೊನೆಯ ಮಾತು ಪಿಸ್ಟನ್ ಜೊತೆ ಬಂದ ಚೀಟಿಯದು. ಕಮ್ಮಿಯಾದರೆ ಬಿಸಿಗೆ ಪಿಸ್ಟನ್ ಕಚ್ಚಿಕೊಂಡು ಸೀಜ್, ಹೆಚ್ಚಾದರೆ ತಣ್ಣಗಿರುವಾಗ ಟಕಟಕ ಸದ್ದು. ಸ್ಕರ್ಟಿಗೆ ಕಪ್ಪು ಲೇಪವಿದ್ದರೆ ಲೇಪ ಸೇರಿಸಿಯೋ ಬಿಟ್ಟೋ ಎಂಬುದನ್ನೂ ಅದರಲ್ಲೇ ನೋಡಿ. ಹೊಸದಾಗಿ ಬೋರ್ ಮಾಡಿಸುವುದಾದರೆ ನಾಲ್ಕು ಪಿಸ್ಟನ್ನಿಗೂ ನಂಬರ್ ಹಾಕಿ, ಒಂದೊಂದು ಬೋರನ್ನೂ ಅದರದರ ಪಿಸ್ಟನ್ನಿಗೇ ಹೋನ್ ಮಾಡಿಸಿ (ಸಾಣೆಕಲ್ಲಿನಿಂದ ಉಜ್ಜಿ ಕೊನೆಯ ಅಳತೆಗೆ ತರಿಸಿ). ಹೋನ್ ಮಾಡಿದ ಬಿಸಿ ಬ್ಲಾಕನ್ನು ಮಾತ್ರ ತಕ್ಷಣ ಅಳೆಯಬೇಡಿ: ಎರಕದ ಕಬ್ಬಿಣದ 80 ಮಿ.ಮೀ. ಬೋರ್ 10 ಡಿಗ್ರಿಗೆ ಸುಮಾರು 0.009 ಹಿಗ್ಗಿರುತ್ತದೆ, ಅಲ್ಯುಮಿನಿಯಂ ಪಿಸ್ಟನ್ ಅದರ ಎರಡರಷ್ಟು. ಎರಡನ್ನೂ ಒಂದೇ ಬೆಂಚಿನ ಮೇಲೆ ರಾತ್ರಿಯಿಡೀ ಬಿಟ್ಟರೆ ಸರಿ.

ಅಗ್ಗದ ಸೆಟ್ಟುಗಳಲ್ಲಿ ಕಡ್ಡಿ ಹಿಡಿಯುವ ನಟ್ ಮೆಲ್ಲಗೆ ಸಡಿಲವಾಗುತ್ತದೆ, ಸೊನ್ನೆ ಜಾರಿದ್ದು ಗೊತ್ತೇ ಆಗುವುದಿಲ್ಲ. ಪ್ರತಿ ಸಿಲಿಂಡರ್ ಮುಗಿದ ಮೇಲೆ ಗೇಜನ್ನು ಮತ್ತೆ ಮೈಕ್ರೋಮೀಟರಿನೊಳಗೆ ಇಟ್ಟು ನೋಡಿ. ಸೊನ್ನೆ ಬರದಿದ್ದರೆ ಆ ಸಿಲಿಂಡರಿನ ಆರೂ ಓದುಗಳನ್ನು ಹೊಡೆದುಹಾಕಿ, ಮತ್ತೆ ಅಳೆಯಿರಿ.